ದೊಡ್ಡಮ್ಮನ ಬಾಯೊಳಗಿನ ಸಂಕ

ನಮ್ಮ ದೊಡ್ಡಮ್ಮ ತನ್ನ ಹಲ್ಲನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆಯುತ್ತಿದ್ದಳು ಎಂದರೆ ಈಗಿನ ಮಕ್ಕಳು ನಗುತ್ತಾರೆ. ನಗಲಿ ಬಿಡಿ. ಬೆಳಿಗ್ಗೆ ದೇವರ ಮನೆಯ ದೀಪ, ಆರತಿ ತಟ್ಟೆ, ಪಂಚಪಾತ್ರೆಗಳನ್ನೆಲ್ಲ ಬೆಳಗಿ ಮುಗಿಸಿದ ಮೇಲೆ, ಬೇರೆಯಾಗಿ ತೆಗೆದಿಟ್ಟುಕೊಂಡ ಒಂದು ಚೂರು ಹುಣಸೆಹಣ್ಣನ್ನು ಬೆರಳ ತುದಿಯಲ್ಲಿ ಹಿಡಿದು ಬಚ್ಚಲ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಬೆಳಕಿಗೆ ಬಾಯಿ ತೆರೆದು, ಮುಂದಿನ ಮೂರು ಲೋಹದ ಹಲ್ಲುಗಳನ್ನು ದೀಪದ ಕಂಬವನ್ನು ಬೆಳಗಿದಷ್ಟೇ ಶ್ರದ್ಧೆಯಿಂದ ಬೆಳಗುತ್ತಿದ್ದಳು. ಮೊದಲು ದೇವರದ್ದು, ಆಮೇಲೆ ತನ್ನದು. ಆ ಕ್ರಮ ಒಂದು ದಿನವೂ ತಪ್ಪಿದ್ದನ್ನು ನಾನು ನೋಡಿಲ್ಲ.

ದೊಡ್ಡಮ್ಮ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಅವರ ಮನೆ ಶೃಂಗೇರಿಯ ಹತ್ತಿರದ ಬೇಗಾರಿನಲ್ಲಿ, ನಮ್ಮದು ಹಿರೇಕೊಡಿಗೆ. ನಾನು ಹೈಸ್ಕೂಲಿನಿಂದ ಡಿಗ್ರಿಯವರೆಗೆ ಶೃಂಗೇರಿಯಲ್ಲಿ ಓದಿದ್ದರಿಂದ ಅಷ್ಟೂ ವರ್ಷ ಅವಳ ಮನೆಯಲ್ಲೇ ಬೆಳೆದೆ. ಅವಳಿಗೆ ಇಬ್ಬರು ಗಂಡುಮಕ್ಕಳು, ಹೆಣ್ಣುಮಕ್ಕಳಿಲ್ಲ. ಹಾಗಾಗಿ ಹೆಣ್ಣುಮಕ್ಕಳಿಗೆ ಬೈಯಬೇಕಾದ ಬೈಗುಳವೆಲ್ಲ ಬಡ್ಡಿ ಸಮೇತ ನನಗೇ ಸಿಗುತ್ತಿತ್ತು. ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ ನನ್ನ ಜಡೆ ಎಳೆದು ಕಟ್ಟುವಾಗ, ಬಾಯಲ್ಲಿ ಮಾತ್ರ ಯಾವುದೋ ಮದುವೆ ಹಾಡು ಮೆಲ್ಲಗೆ ಓಡುತ್ತಿರುತ್ತಿತ್ತು.

ಹಾಡಿನಲ್ಲಿ ಅವಳನ್ನು ಮೀರಿಸುವವರು ಸುತ್ತಿನಲ್ಲಿ ಇರಲಿಲ್ಲ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಊಟಕ್ಕೆ ಕೂತ ಬೀಗರ ಕಾಲೆಳೆಯುವ ಹಾಡು, ಎಲ್ಲಕ್ಕೂ ಅವಳೇ ಬೇಕು. ಬೀಗರ ಹಾಡನ್ನಂತೂ ಅಲ್ಲೇ ಕೂತು ಕಟ್ಟುತ್ತಿದ್ದಳು. ಗಂಡಿನ ಚಿಕ್ಕಪ್ಪ ಎರಡನೇ ಸಲ ಹೋಳಿಗೆ ಹಾಕಿಸಿಕೊಂಡದ್ದು ಮೂರನೇ ಸಲ ಬಡಿಸುವುದರೊಳಗೆ ಹಾಡಾಗಿರುತ್ತಿತ್ತು. ಆದರೆ ಜನ ಅವಳನ್ನು ಮುಖ್ಯವಾಗಿ ಕರೆಸುತ್ತಿದ್ದದ್ದು ಸಂಜೆಯ ಹಾಡಿಗೆ, ಹೆಣ್ಣು ಒಪ್ಪಿಸಿಕೊಡುವ ಹಾಡಿಗೆ. ಆ ಹೊತ್ತಿನಲ್ಲಿ ತಾಯಿ ಅಳುತ್ತಾಳೆ, ಅಜ್ಜಿ ಅಳುತ್ತಾಳೆ, ಜೊತೆಗೆ ಹಾಡುವವರೂ ಅತ್ತು ಹಾಡು ಅರ್ಧಕ್ಕೇ ನಿಲ್ಲುತ್ತದೆ. ದೊಡ್ಡಮ್ಮ ಮಾತ್ರ ಮೊದಲಿನಿಂದ ಕೊನೆಯವರೆಗೆ ಒಂದೇ ದನಿಯಲ್ಲಿ, ಕಣ್ಣು ಒದ್ದೆ ಮಾಡಿಕೊಳ್ಳದೆ ಹಾಡಿ ಮುಗಿಸುತ್ತಿದ್ದಳು. ನಿನಗೆ ಅಳು ಬರುವುದಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ.

"ಅಳುವವರು ಬೇಕಾದಷ್ಟು ಜನ ಇರ್ತಾರೆ. ಹಾಡುವವಳೂ ಅಳ್ತಾ ಕೂತ್ರೆ ಕೂಸನ್ನ ಕಳಿಸೋದು ಯಾರು?" ಎಂದಿದ್ದಳು.

ಇಂಥವಳ ಮುಂದಿನ ಹಲ್ಲು ಹೋದದ್ದು ಬಾಳೆಹೊನ್ನೂರಿನ ಮದುವೆಯೊಂದರಲ್ಲಿ ಹಾಡಿ ಬರುವಾಗ. ಬಸ್ಸಿನವನು ದನ ಅಡ್ಡ ಬಂತೆಂದು ಗಕ್ಕನೆ ಬ್ರೇಕ್ ಹಾಕಿದ. ದೊಡ್ಡಮ್ಮ ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ಮುಖ ಕೊಟ್ಟಳು. ಮೇಲಿನ ಸಾಲಿನ ನಟ್ಟನಡುವಿನ ಒಂದು ಹಲ್ಲು ಬುಡಕ್ಕೇ ಮುರಿದು, ಉಳಿದ ಬೇರನ್ನು ಆಸ್ಪತ್ರೆಯಲ್ಲಿ ಕೀಳಿಸಬೇಕಾಯಿತು. ಮಡಿಲಲ್ಲಿದ್ದ ತಾಂಬೂಲದ ಚೀಲ, ತೆಂಗಿನಕಾಯಿ ಮಾತ್ರ ಒಂದಿಷ್ಟೂ ಅಲುಗಾಡಿರಲಿಲ್ಲವಂತೆ. ದನಕ್ಕೂ ಏನೂ ಆಗಲಿಲ್ಲ ಎಂದು ದೊಡ್ಡಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಆ ಮಾತಿಗೆ ದೊಡ್ಡಮ್ಮ ಅವರ ಕಡೆ ನೋಡುತ್ತಿದ್ದ ನೋಟ ನನಗೆ ಇವತ್ತಿಗೂ ಮರೆತಿಲ್ಲ.

ಒಂದು ಹಲ್ಲು ಹೋದರೆ ಊಟಕ್ಕೆ ಅಂಥ ತೊಂದರೆಯಿಲ್ಲ. ತೊಂದರೆಯಾದದ್ದು ಹಾಡಿಗೆ. ಶೋಭಾನ ಎಂಬ ಮಾತು ಮದುವೆ ಹಾಡಿನಲ್ಲಿ ಎಷ್ಟು ಸಲ ಬರುತ್ತದೆ ಎಂದು ಕೇಳಿದವರಿಗೆ ಗೊತ್ತು. ಪ್ರತಿ ನುಡಿಯ ಕೊನೆಗೂ ಅದೇ. ದೊಡ್ಡಮ್ಮ ಶೋಭಾನ ಎಂದರೆ ಆ ಸಂದಿಯಿಂದ ಗಾಳಿ ನುಗ್ಗಿ ಸಣ್ಣಗೆ ಶೀಟಿ ಹೊಡೆದಂತಾಗುತ್ತಿತ್ತು. ಒಂದು ಮದುವೆಯಲ್ಲಿ ಹುಡುಗಿಯರು ಮುಖ ತಿರುಗಿಸಿಕೊಂಡು ನಕ್ಕರು. ಅವಳು ಆ ನುಡಿಯನ್ನು ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು ಹೋದಳು. ಅಲ್ಲಿಂದ ಮುಂದೆ ಮದುವೆಗೆ ಹೋದರೂ ಅಡಿಗೆಯವರ ಹತ್ತಿರ ಕೂತು ತರಕಾರಿ ಹೆಚ್ಚುತ್ತಿದ್ದಳು. ಹೊರಗೆ ಮೈಕಿನಲ್ಲಿ ಯಾರದೋ ಕ್ಯಾಸೆಟ್ಟು ಹಾಡುತ್ತಿತ್ತು. ಕ್ಯಾಸೆಟ್ಟಿಗೆ ಗಂಡಿನ ಚಿಕ್ಕಪ್ಪ ಹೋಳಿಗೆ ತಿಂದದ್ದು ಹೇಗೆ ಗೊತ್ತಾಗಬೇಕು?

ಹೀಗಿರುವಾಗ ನನ್ನ ಮದುವೆ ಗಟ್ಟಿಯಾಯಿತು. ಗಂಡಿನ ಮನೆ ನರಸಿಂಹರಾಜಪುರ. ನಾನಾಗ ಕೊಪ್ಪದ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಸೀರೆ, ಒಡವೆ, ಅಡಿಗೆಯವರು ಎಲ್ಲವನ್ನೂ ಮನೆಯವರು ತಲೆಕೆಡಿಸಿಕೊಂಡು ಗೊತ್ತು ಮಾಡುತ್ತಿದ್ದರು. ನನಗೆ ಬೇಕಾಗಿದ್ದದ್ದು ಒಂದೇ. ದೊಡ್ಡಮ್ಮ ಹಾಡಿ ನನ್ನನ್ನು ಕಳಿಸಬೇಕು. ಊರಿನ ಹೆಣ್ಣುಮಕ್ಕಳನ್ನೆಲ್ಲ ಹಾಡಿ ಕಳಿಸಿದವಳು, ತಾನೇ ಜಡೆ ಹಾಕಿ ಬೆಳೆಸಿದವಳನ್ನು ಕ್ಯಾಸೆಟ್ಟು ಹಾಕಿ ಕಳಿಸುವುದೇ? ಬೇಗಾರಿಗೆ ಹೋಗಿ ಹೇಳಿಯೂ ಹೇಳಿದೆ. ನನ್ನ ಶೀಟಿ ಕೇಳಿಕೊಂಡು ಗಂಡನ ಮನೆಗೆ ಹೋಗುತ್ತೀಯಾ ಎಂದು ಅವಳು ಒಲೆಯ ಕಡೆ ತಿರುಗಿದಳು. ಅವಳಿಗೂ ಬೇಕಾಗಿದೆ ಎಂದು ಆ ತಿರುಗಿದ ರೀತಿಯಲ್ಲೇ ನನಗೆ ಗೊತ್ತಾಯಿತು. ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಅವಳನ್ನು ಕೊಪ್ಪದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರ ಶಾಪು ಬಟ್ಟೆ ಅಂಗಡಿಯ ಮಹಡಿಯ ಮೇಲಿತ್ತು. ಡಾಕ್ಟರಿಗೆ ಇನ್ನೂ ಚಿಕ್ಕ ವಯಸ್ಸು, ಬಯಲುಸೀಮೆಯ ಕಡೆಯವರು. ನಮ್ಮ ಕಡೆಯ ಮಾತು ಅವರಿಗೆ ಆಗಷ್ಟೇ ಕಿವಿಗೆ ಬೀಳುತ್ತಿತ್ತು. ತೆಗೆದು ಹಾಕುವ ಹಲ್ಲಿನ ಸೆಟ್ಟು ಬೇಡ, ಬ್ರಿಜ್ ಕಟ್ಟೋಣ, ಅದು ಕಚ್ಚಿಕೊಂಡು ಕೂತಿರುತ್ತದೆ, ಹಾಡಲಿಕ್ಕೂ ಅದೇ ಒಳ್ಳೆಯದು ಎಂದರು. ಆದರೆ ಅದಕ್ಕೆ ಅಕ್ಕಪಕ್ಕದ ಎರಡು ಹಲ್ಲನ್ನು ಸಣ್ಣಗೆ ಅರೆಯಬೇಕು ಎಂದಾಗ ದೊಡ್ಡಮ್ಮ ಕುರ್ಚಿಯಲ್ಲಿ ಎದ್ದೇ ಕೂತಳು. ಹೋದ ಒಂದಕ್ಕಾಗಿ ಇರುವ ಎರಡನ್ನು ಕೆಡಿಸುವುದು ಎಂಥ ನ್ಯಾಯ ಎಂದು ಕೇಳಿದಳು. ಡಾಕ್ಟರು ಒಂದು ಚೀಟಿಯ ಮೇಲೆ ಚಿತ್ರ ಬರೆದರು. ಎರಡು ಕಡೆ ಎರಡು ಕಂಬ, ನಡುವೆ ತೊಲೆ, ಕೆಳಗೆ ಖಾಲಿ.

ದೊಡ್ಡಮ್ಮ ಚೀಟಿಯನ್ನು ದೂರ ಹಿಡಿದು ನೋಡಿದಳು. "ಇದು ಸಂಕ ಅಲ್ದ? ಹಾಂಗೆ ಹೇಳಿ ಮತ್ತೆ."

ಡಾಕ್ಟರಿಗೆ ಸಂಕ ಗೊತ್ತಿರಲಿಲ್ಲ. ಹಳ್ಳ ದಾಟಲು ಅಡಿಕೆ ಮರ ಕಡಿದು ಈ ದಡದಿಂದ ಆ ದಡಕ್ಕೆ ಹಾಕುವುದನ್ನು ಅವಳು ಕೈ ಚಾಚಿ ವಿವರಿಸಿದಳು. ಮರ ಕೂರುವ ಕಡೆ ಎರಡೂ ದಡವನ್ನು ಕೆತ್ತಿ ಸಮ ಮಾಡದಿದ್ದರೆ ಸಂಕ ಉರುಳುತ್ತದೆ ಎಂಬುದನ್ನೂ ತಾನೇ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಹಲ್ಲು ಅರೆಯುವ ಕಾರಣ ಹೊಳೆಯಿತು. ಸರಿ ಎಂದು ಒರಗಿದಳು. ಆಮೇಲೆ ಆ ಡಾಕ್ಟರು ಮಲೆನಾಡಿನ ಮುದುಕಿಯರಿಗೆಲ್ಲ ಸಂಕ ಹಾಕೋಣ ಎಂದೇ ಹೇಳುತ್ತಿದ್ದರು.

ಎಲ್ಲ ಸರಿಹೋಯಿತು ಎಂದುಕೊಳ್ಳುವಾಗ ಡಾಕ್ಟರು ಗಾಜಿನ ಕಪಾಟಿನಿಂದ ಒಂದು ಮಾದರಿ ಹಲ್ಲನ್ನು ತೆಗೆದು ತೋರಿಸಿದರು. ಬೆಳ್ಳಗೆ, ನಿಜವಾದ ಹಲ್ಲಿಗಿಂತ ಚೆನ್ನಾಗಿತ್ತು. ಇದು ಎಂಥದರಿಂದ ಮಾಡಿದ್ದು ಎಂದು ದೊಡ್ಡಮ್ಮ ಕೇಳಿದಳು. ಒಳಗೆ ಲೋಹ ಇರುತ್ತದೆ, ಮೇಲೆ ಸೆರಾಮಿಕ್, ಅಂದರೆ ಪಿಂಗಾಣಿ ಎಂದರು ಆ ಪುಣ್ಯಾತ್ಮರು. ದೊಡ್ಡಮ್ಮ ಬಾಯಿ ಮುಚ್ಚಿದಳು. ಯೋಚನೆ ಮಾಡಿ ಹೇಳುತ್ತೇನೆ ಎಂದು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದೇ ಬಿಟ್ಟಳು.

ಪಿಂಗಾಣಿ ಎಂದರೆ ಅವಳ ಮಟ್ಟಿಗೆ ಒಳಗೆ ಬರಬಾರದ ವಸ್ತು. ಬೇಗಾರಿನ ಮನೆಯಲ್ಲಿ ಪಿಂಗಾಣಿ ಕಪ್ಪುಗಳು ಜಗಲಿಯ ಗೂಡಿನಲ್ಲಿ ಇರುತ್ತಿದ್ದವು, ಹೊರಗಿನಿಂದ ಬಂದವರಿಗೆ ಕಾಫಿ ಕೊಡಲಿಕ್ಕೆ. ಅದರ ಹಿಂದಿನ ಕಾರಣಗಳೆಲ್ಲ ಹೆಮ್ಮೆಪಡುವಂಥವಲ್ಲ. ಅವಳು ಕೊಡುತ್ತಿದ್ದ ಕಾರಣ ಮಾತ್ರ ಇಷ್ಟು. ಲೋಹದ ಪಾತ್ರೆ ಎಂಜಲಾದರೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಶುದ್ಧವಾಗುತ್ತದೆ. ಪಿಂಗಾಣಿಯ ಎಂಜಲು ತೊಳೆದರೂ ಹೋಗುವುದಿಲ್ಲ. ಅಂಥದ್ದನ್ನು ಬಾಯೊಳಗೇ ಗಾರೆ ಹಾಕಿ ಕೂರಿಸಿಕೊಂಡರೆ ಆ ಬಾಯಲ್ಲಿ ದೇವರ ಹೆಸರು ಹೇಳುವುದು ಹೇಗೆ, ಮಡಿಯಲ್ಲಿ ನೈವೇದ್ಯಕ್ಕೆ ಮಾಡುವುದು ಹೇಗೆ?

ಮನೆಯಲ್ಲಿ ಇದು ಒಂದು ವಾರದ ಚರ್ಚೆಯಾಯಿತು. ದೊಡ್ಡಪ್ಪ ಊಟಕ್ಕೆ ಕೂತಾಗ ಮಾವಿನ ಮಿಡಿ ಉಪ್ಪಿನಕಾಯಿ ಕೇಳಿದರು. ಅವಳು ಭರಣಿಯಿಂದ ತೆಗೆಯುತ್ತಿರುವಾಗ, ನಿನ್ನ ಕೈಯಲ್ಲಿರುವ ಆ ಭರಣಿ ಬೆಳ್ಳಿಯದ್ದೋ ಎಂದು ವಿಚಾರಿಸಿದರು. ನಾನು ನಕ್ಕೆ. ಈಗ ಸಿಕ್ಕಿಬಿದ್ದಳು ಎಂದುಕೊಂಡೆ. ದೊಡ್ಡಮ್ಮ ಮಿಡಿಯನ್ನು ಅವರ ಎಲೆಯ ಮೂಲೆಗೆ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಭರಣಿಗೆ ಯಾರೂ ಬಾಯಿ ಹಾಕಿ ಕುಡಿಯುವುದಿಲ್ಲ, ಅದಕ್ಕೆ ಎಂಜಲು ಎಲ್ಲಿಂದ ಬರಬೇಕು ಎಂದು ಕೇಳಿದಳು. ದೊಡ್ಡಪ್ಪ ಮಿಡಿಯನ್ನು ಚೀಪತೊಡಗಿದರು. ಶೃಂಗೇರಿಯಲ್ಲಿ ನಮಗೆ ಬಳಕೆಯಿದ್ದ ಹಿರಿಯ ಪುರೋಹಿತರೊಬ್ಬರನ್ನೂ ಅವಳು ಕೇಳಿ ಬಂದಳು. ಔಷಧಕ್ಕೆ ಮಡಿ ಮೈಲಿಗೆ ಇಲ್ಲ, ಹಾಕಿಸಿಕೊಳ್ಳಿ ಎಂದರಂತೆ. ಅಷ್ಟು ಸುಲಭದ ಉತ್ತರ ಅವಳಿಗೆ ಹಿಡಿಸಲಿಲ್ಲ. ಅವರಿಗೆ ಊಟಕ್ಕೆ ಹೊತ್ತಾಗಿತ್ತು, ಅದಕ್ಕೆ ಹಾಗೆ ಹೇಳಿ ಕಳಿಸಿದರು ಎಂಬುದು ಅವಳ ತೀರ್ಮಾನ.

ನನಗೆ ಸಿಟ್ಟು ಬಂತು. ಒಂದು ಬೆರಳುಗುರಿನಷ್ಟು ಪಿಂಗಾಣಿಯ ಮುಂದೆ ನಾನು ಸೋತೆನಲ್ಲ ಎಂದು ಅಳುವೂ ಬಂತು. ಹಿರೇಕೊಡಿಗೆಗೆ ಹೊರಟು ನಿಂತವಳನ್ನು ಅವಳು ಅಂಗಳದವರೆಗೆ ಬಂದು ನಿಲ್ಲಿಸಿದಳು.

"ಒಳಗೆ ಲೋಹ ಇರ್ತದೆ ಅಂದ್ರಲ್ಲ ಅವ್ರು. ಮೇಲಿಂದು ಬ್ಯಾಡ, ಬರೀ ಒಳಗಿಂದು ಹಾಕ್ತಾರ ಕೇಳು."

ಡಾಕ್ಟರು ಮೊದಲು ತಮಾಷೆ ಎಂದುಕೊಂಡರು. ಬರೀ ಲೋಹದ್ದನ್ನು ಒಳಗಿನ ದವಡೆ ಹಲ್ಲಿಗೆ ಹಾಕುತ್ತೇವೆ, ಮುಂದಿನ ಹಲ್ಲಿಗೆ ಹಾಕಿದರೆ ಬಾಯಿ ತೆರೆದಾಗಲೆಲ್ಲ ಥಳಥಳ ಹೊಳೆಯುತ್ತದೆ, ಮದುವೆಯ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಬಗೆಬಗೆಯಾಗಿ ಹೇಳಿ ನೋಡಿದರು. ಹಾಡಲಿಕ್ಕೆ ತೊಂದರೆಯುಂಟೋ ಎಂದಷ್ಟೇ ಅವಳು ಕೇಳಿದಳು. ಅದೇನಿಲ್ಲ ಎಂದರು. ಫೋಟೋದವನು ಬಂದಾಗ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಅವಳು ಮಾತು ಮುಗಿಸಿದಳು.

ಹಲ್ಲು ಅರೆದು, ಗುಲಾಬಿ ಬಣ್ಣದ ಹಿಟ್ಟನ್ನು ಬಾಯಿಗೆ ಒತ್ತಿ ಅಚ್ಚು ತೆಗೆದರು. ಅಚ್ಚಿಗೆ ಹಲ್ಲು ಕಟ್ಟುವವರು ಇದ್ದದ್ದು ಶಿವಮೊಗ್ಗದಲ್ಲಿ. ಕೊಪ್ಪದಿಂದ ಅಚ್ಚು ಬಸ್ಸಿನಲ್ಲಿ ಹೋಗಬೇಕು, ಹಲ್ಲು ಬಸ್ಸಿನಲ್ಲೇ ಬರಬೇಕು. ಕಂಡಕ್ಟರು ಅದನ್ನು ಮದುವೆ ಕಾಗದ, ಪಂಪಿನ ಸಾಮಾನುಗಳ ಜೊತೆ ಡ್ರೈವರ ಹಿಂದಿನ ಗೂಡಿನಲ್ಲಿ ಇಟ್ಟುಕೊಂಡು ಬರುತ್ತಿದ್ದ. ಬಸ್ಸಿನಲ್ಲಿ ಹೋದ ಹಲ್ಲು ಬಸ್ಸಿನಲ್ಲೇ ವಾಪಸ್ಸು ಬಂತು ಎಂದು ದೊಡ್ಡಪ್ಪನಿಗೆ ಹೊಸದೊಂದು ಮಾತು ಸಿಕ್ಕಿತು. ಡಾಕ್ಟರು ಕಾಗದದ ಪೊಟ್ಟಣ ಬಿಚ್ಚಿ ದೊಡ್ಡಮ್ಮನ ಅಂಗೈ ಮೇಲಿಟ್ಟರು. ಒಂದಕ್ಕೊಂದು ಅಂಟಿದ ಮೂರು ಹಲ್ಲು, ಹೊಸ ಸ್ಟೀಲ್ ಲೋಟದ ಬಣ್ಣ. ಅವಳು ಅದನ್ನು ಅಲ್ಲೇ ನಲ್ಲಿಯ ಹತ್ತಿರ ಒಯ್ದು, ಸೊಂಟಕ್ಕೆ ಸಿಕ್ಕಿಸಿಕೊಂಡು ತಂದಿದ್ದ ಪೊಟ್ಟಣದಿಂದ ಹುಣಸೆಹಣ್ಣು ತೆಗೆದು ತಿಕ್ಕಿ ತೊಳೆದು, ಈಗ ಹಾಕಿ ಎಂದು ಕೊಟ್ಟಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಅಂಟು ಹಿಡಿದ ಮೇಲೆ ಅವಳು ಕುರ್ಚಿಯಲ್ಲೇ ಒರಗಿಕೊಂಡು ಒಂದು ಹಸೆ ಹಾಡಿನ ಮೊದಲ ನುಡಿ ಹಾಡಿದಳು. ಮೊದಲು ಮೆಲ್ಲಗೆ, ಆಮೇಲೆ ಪೂರಾ ದನಿಯಲ್ಲಿ. ಶೋಭಾನ ದುಂಡಗೆ, ತುಂಬಿಕೊಂಡು ಬಂತು. ಹೊರಗೆ ಬೆಂಚಿನ ಮೇಲೆ ದವಡೆ ಹಿಡಿದು ಕೂತವರೆಲ್ಲ ಬಾಗಿಲ ಕಡೆ ಕತ್ತು ಚಾಚಿದರು. ನನಗೆ ಹೈಸ್ಕೂಲಿನ ಬೆಳಿಗ್ಗೆಗಳು, ಎಳೆದು ಕಟ್ಟಿದ ಜಡೆ ಎಲ್ಲ ಒಟ್ಟಿಗೆ ನೆನಪಾಗಿ ಎಷ್ಟು ಸಂತೋಷವಾಯಿತೆಂದು ಹೇಳಲಾರೆ.

ಮದುವೆ ಕೊಪ್ಪದಲ್ಲೇ ನಡೆಯಿತು. ನರಸಿಂಹರಾಜಪುರದವರು ಒಂದು ಬಸ್ಸು ತುಂಬ ಬಂದಿದ್ದರು. ಅವರಲ್ಲೂ ಹಾಡುವವರಿದ್ದರು, ಅದರಲ್ಲೂ ಗಂಡಿನ ಸೋದರತ್ತೆ. ದೊಡ್ಡ ಕುಂಕುಮದ, ಅಗಲ ಮುಖದ ಹೆಂಗಸು. ಬೆಳಿಗ್ಗೆಯೇ ಇಬ್ಬರೂ ಒಬ್ಬರನ್ನೊಬ್ಬರು ಅಳೆದುಕೊಂಡಿದ್ದರು. ಊಟದ ಹೊತ್ತಿಗೆ ಸೋದರತ್ತೆ ಶುರುಮಾಡಿದಳು. ಹೆಣ್ಣಿಗೆ ಇಷ್ಟೇ ಬೆಳ್ಳಿ ಯಾಕೆ ಎಂದುಕೊಂಡಿದ್ದೆವು, ಉಳಿದದ್ದೆಲ್ಲ ದೊಡ್ಡಮ್ಮನ ಬಾಯಿಗೆ ಹೋಗಿದೆ ಎಂದು ಹಾಡಿ ಬಿಟ್ಟಳು. ಪಂಕ್ತಿಯಲ್ಲಿ ಕೂತವರೆಲ್ಲ ಘೊಳ್ಳೆಂದು ನಕ್ಕರು. ನಾನು ದೊಡ್ಡಮ್ಮನ ಕಡೆ ನೋಡಿದೆ. ಹುಡುಗಿಯರು ನಕ್ಕದ್ದಕ್ಕೇ ಎದ್ದು ಹೋದವಳು ಅವಳು. ಈಗಲೂ ಎದ್ದರೆ ಸಂಜೆಯ ಹಾಡು ಹೋಯಿತು.

ದೊಡ್ಡಮ್ಮ ಎದ್ದಳು ನಿಜ. ಆದರೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೂರು ಹಲ್ಲೂ ಕಾಣುವಂತೆ ಬಾಯಿ ತೆರೆದು ಉತ್ತರ ಹಾಡಿದಳು. ಹಲ್ಲು ನೋಡುವುದು ದನ ಕೊಳ್ಳುವವರ ಕ್ರಮ, ನೀವು ಬಂದದ್ದು ಹೆಣ್ಣಿಗೋ ಹಸುವಿಗೋ, ಹಸುವಾದರೆ ನಾಳೆ ಸಂತೆಗೆ ಬನ್ನಿ ಎಂಬುದು ಅದರ ಅರ್ಥ. ನುಡಿಯ ಕೊನೆಯ ಶೋಭಾನವನ್ನು ಬೇಕೆಂದೇ ಎಳೆದಳು. ಬಡಿಸುವವರು ಸೌಟು ಹಿಡಿದು ನಿಂತುಬಿಟ್ಟರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಸೋದರತ್ತೆಯೇ. ತನಗೆ ಇಂಥ ಸರಿಜೋಡಿ ಇಲ್ಲಿಯವರೆಗೆ ಸಿಕ್ಕಿರಲಿಲ್ಲ ಎಂದು ಯಾರ ಹತ್ತಿರವೋ ಹೇಳಿದಳಂತೆ.

ಸಂಜೆ ಹೆಣ್ಣು ಒಪ್ಪಿಸುವ ಶಾಸ್ತ್ರ. ಅಪ್ಪ, ಅಮ್ಮ ನನ್ನ ಕೈ ಹಿಡಿದು ಹಾಲು ತುಂಬಿದ ತಟ್ಟೆಯಲ್ಲಿ ಅದ್ದಿ, ಗಂಡಿನ ಅಪ್ಪ ಅಮ್ಮನ ಕೈಗೆ ಇಟ್ಟರು. ಅಮ್ಮ ಆಗಲೇ ಅಳುತ್ತಿದ್ದಳು. ದೊಡ್ಡಮ್ಮ ನನ್ನ ಹಿಂದೆ ನಿಂತು ಹಾಡು ಎತ್ತಿಕೊಂಡಳು. ಮೊದಲ ನುಡಿ ಎಂದಿನಂತೆ ಒಂದೇ ದನಿಯಲ್ಲಿ ಬಂತು. ಎರಡನೆಯದೂ ಬಂತು. ಮಗಳು ತಪ್ಪು ಮಾಡಿದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ ಎಂದು ಬೀಗರನ್ನು ಬೇಡುವ ಮೂರನೆಯ ನುಡಿಯಲ್ಲಿ, ಮಗಳು ಎಂಬಲ್ಲಿಗೆ ದನಿ ನಿಂತಿತು. ಮರೆತಿರಬೇಕು ಎಂದುಕೊಂಡೆ. ಮತ್ತೆ ಎತ್ತಿಕೊಂಡಳು, ಅದೇ ಜಾಗದಲ್ಲಿ ಮತ್ತೆ ನಿಂತಿತು. ತಿರುಗಿ ನೋಡಿದೆ. ಹೊಸ ಹಲ್ಲುಗಳ ಮೇಲೆ ತುಟಿ ಬಿಗಿದು, ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು.

ಆಗ ಎದುರು ಕಡೆಯಿಂದ, ನರಸಿಂಹರಾಜಪುರದವರ ಸಾಲಿನಿಂದ, ನಿಂತುಹೋದ ಸಾಲು ಮುಂದುವರಿಯಿತು. ಗಂಡಿನ ಸೋದರತ್ತೆ. ಅವರ ಕಡೆಯ ಧಾಟಿ ಸ್ವಲ್ಪ ಬೇರೆ, ಇನ್ನೂ ನಿಧಾನ. ಹೆಣ್ಣು ಒಪ್ಪಿಸುವ ಹಾಡನ್ನು ಹೆಣ್ಣು ಒಪ್ಪಿಸಿಕೊಳ್ಳುವವರು ಹಾಡುವ ಪದ್ಧತಿ ಎಲ್ಲೂ ಇಲ್ಲ. ಆದರೂ ಅವಳು ದೊಡ್ಡಮ್ಮನ ಪಕ್ಕಕ್ಕೇ ಬಂದು ನಿಂತು, ಹೊಟ್ಟೆಯಲ್ಲಿ ಹಾಕಿಕೊಳ್ಳಿ ಎಂದು ತನ್ನವರನ್ನೇ ಬೇಡುತ್ತ ಕೊನೆಯ ನುಡಿಯವರೆಗೆ ಹಾಡಿ ಮುಗಿಸಿದಳು. ಶೋಭಾನ ಎಂಬಲ್ಲಿ ಮಾತ್ರ ದೊಡ್ಡಮ್ಮನೂ ಸಣ್ಣಗೆ ದನಿಗೂಡಿಸಿದಳು.

ಮದುವೆಯಾಗಿ ಕೆಲವು ವಾರಗಳಾದ ಮೇಲೆ ದೊಡ್ಡಮ್ಮ ಕೊಪ್ಪಕ್ಕೆ ಬಂದಿದ್ದಳು. ಮದುವೆಯ ಮೇಲೂ ನಾನು ಪಾಠ ಮಾಡುತ್ತಿದ್ದ ಶಾಲೆಯ ಹತ್ತಿರವೇ ಬಂದು, ಡಾಕ್ಟರ ಹತ್ತಿರ ಹೋಗಬೇಕು, ಬಾ ಎಂದಳು. ಅಷ್ಟರಲ್ಲಿ ನೆಂಟರೆಲ್ಲರಿಗೂ ಅವಳು ಒಂದೇ ಕಾರಣ ಹೇಳಿ ಮುಗಿಸಿದ್ದಳು. ಹಾಡುವಾಗ ಸಂಕ ಅಲ್ಲಾಡಿತು, ಬಿದ್ದು ಹೋದರೆ ಕಷ್ಟ ಎಂದು ಬಾಯಿ ಮುಚ್ಚಿಕೊಂಡೆ ಎಂಬುದೇ ಆ ಕಾರಣ. ದೊಡ್ಡಪ್ಪ ಕೂಡ ಈ ಒಂದು ವಿಷಯದಲ್ಲಿ ತಮಾಷೆ ಮಾಡಿರಲಿಲ್ಲ.

ಡಾಕ್ಟರು ಸಣ್ಣ ಕನ್ನಡಿ ಹಿಡಿದು ಹಿಂದೆ ಮುಂದೆ ನೋಡಿದರು. ಕಡ್ಡಿಯ ತುದಿಯಿಂದ ತಟ್ಟಿದರು. ಬೆರಳು ಹಾಕಿ ಎಳೆದೂ ನೋಡಿದರು.

"ಅಮ್ಮಾ, ಇದು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ" ಎಂದರು.

"ಅವತ್ತು ಅಲ್ಲಾಡಿತ್ತು ಮಾರಾಯ್ರೇ" ಎಂದಳು ದೊಡ್ಡಮ್ಮ.

ಡಾಕ್ಟರು ನನ್ನ ಕಡೆ ತಿರುಗಿದರು. ದೊಡ್ಡಮ್ಮ ಸೂರು ನೋಡುತ್ತ ಬಾಯಿ ತೆರೆದುಕೊಂಡೇ ಇದ್ದಳು, ಆ ಮೂರು ಹಲ್ಲೂ ಆಗಷ್ಟೇ ಬೆಳಗಿದಂತೆ ಹೊಳೆಯುತ್ತಿದ್ದವು.

ಹೌದು ಡಾಕ್ಟ್ರೇ, ಅಲ್ಲಾಡಿತ್ತು, ನಾನು ಪಕ್ಕದಲ್ಲೇ ಇದ್ದೆ ಎಂದೆ.